ಸೆರ್ಬಿಯಾದವನ ಬಲಗಾಲಿನ ಬೂಟು

ಇದನ್ನು ಬರೆಯಬೇಕೆಂದು ಕುಳಿತು ಎದ್ದದ್ದು ಎಷ್ಟು ಸಲವೋ. ಒಮ್ಮೆ ಕಣ್ಣಿನ ಆಪರೇಶನ್ ನೆಪವಾಯಿತು, ಒಮ್ಮೆ ರಂಜಾನ್ ಕಳೆಯಲಿ ಎಂದುಕೊಂಡೆ, ಒಮ್ಮೆ ಮಗಳು ಮನೆ ಬದಲಾಯಿಸುವ ಗಡಿಬಿಡಿ. ನಿಜ ಹೇಳಬೇಕೆಂದರೆ, ಇದರಲ್ಲಿ ನನಗೆ ಹೆಮ್ಮೆ ತರುವ ಭಾಗವನ್ನು ಕಂಡಕಂಡವರಿಗೆಲ್ಲ ಹೇಳಿಕೊಂಡು ತಿರುಗಿದ್ದೇನೆ. ಮುಂದೆ ಹಾಕಿದ್ದು ಉಳಿದ ಭಾಗವನ್ನು ಮಾತ್ರ.

ನಾನು ಮಂಗಳೂರಿನ ಕಡೆಯ ಬ್ಯಾರಿ ಮುಸ್ಲಿಂ. ಹೈಸ್ಕೂಲು ಮುಗಿಸಿದವನು. ದುಬೈಯ ಒಂದು ಫುಟ್‌ಬಾಲ್ ಕ್ಲಬ್ಬಿನಲ್ಲಿ ಕಿಟ್‌ಮ್ಯಾನ್ ಆಗಿದ್ದೆ. ಅಂದರೆ ಆಟಗಾರರ ಜೆರ್ಸಿ, ಕಾಲುಚೀಲ, ಬೂಟುಗಳ ಉಸ್ತುವಾರಿ ನನ್ನದು. ಆ ಕೆಲಸ ಕೊಡಿಸಿದವನು ಅದೇ ಕ್ಲಬ್ಬಿನಲ್ಲಿ ಆಟಗಾರರ ಕಾಲು ತಿಕ್ಕುವ ಮಸಾಜಿನವನು, ನಮ್ಮದೇ ಕರಾವಳಿಯ ಕೊಂಕಣಿ ಕ್ರಿಶ್ಚಿಯನ್. ಅಲ್ ಮುರಕ್ಕಬಾತಿನ ಒಂದು ಹಳೆಯ ಕಟ್ಟಡದಲ್ಲಿ ಹನ್ನೊಂದು ವರ್ಷ ಒಂದೇ ಕೋಣೆಯಲ್ಲಿದ್ದೆವು. ಅವನು ನನ್ನನ್ನು ಬ್ಯಾರಿ ಎನ್ನುತ್ತಿದ್ದ, ನಾನು ಅವನನ್ನು, ನಮ್ಮ ಕಡೆ ಕ್ರಿಶ್ಚಿಯನ್ನರನ್ನು ಕರೆಯುವ ಹಾಗೆ, ಪೊರ್ಬು ಎನ್ನುತ್ತಿದ್ದೆ. ಊರಿನಲ್ಲಿ ಹಾಗೆ ಕರೆದರೆ ಯಾರಾದರೂ ಮುಖ ಗಂಟು ಹಾಕಿಕೊಳ್ಳಬಹುದು. ನಮ್ಮಲ್ಲಿ ಅದಕ್ಕಿಂತ ಹತ್ತಿರದ ಹೆಸರು ಇರಲಿಲ್ಲ.

ಸೆರ್ಬಿಯಾದ ಆ ಸ್ಟ್ರೈಕರ್ ನಮ್ಮಲ್ಲಿಗೆ ಬಂದಾಗ ಮೂವತ್ತು ದಾಟಿದ್ದ. ನದಿ ದಂಡೆಯ ಯಾವುದೋ ಸಣ್ಣ ಪಟ್ಟಣದಲ್ಲಿ ಹುಟ್ಟಿ, ತನ್ನ ದೇಶದ ರಾಜಧಾನಿಯಲ್ಲಿ ಆಡಿ, ಆಮೇಲೆ ಬೆಲ್ಜಿಯಂ, ರಷ್ಯಾ, ಟರ್ಕಿ, ಕೊರಿಯಾ, ಚೀನಾ ಎಂದು ಸುತ್ತಿ ಬಂದವನು. ಪ್ರತಿ ದೇಶದಲ್ಲೂ ಗೋಲು ಹೊಡೆದಿದ್ದ. ಪ್ರತಿ ದೇಶದ ಬೈಗುಳವನ್ನೂ ಕಲಿತಿದ್ದ. ಮೊದಲ ದಿನವೇ ಕಿಟ್ ಕೋಣೆಗೆ ಬಂದು, ತನ್ನ ಬ್ಯಾಗನ್ನು ತಾನೇ ಬಿಚ್ಚಿ, ಬೂಟುಗಳನ್ನು ಮೇಜಿನ ಮೇಲೆ ಸಾಲಾಗಿ ಇಟ್ಟು, ಮುರುಕು ಇಂಗ್ಲಿಷಿನಲ್ಲಿ ಹೇಳಿದ:

“ನನಗೆ ಹತ್ತು ಕೋಚ್ ಬಂದರು, ಹೋದರು. ಕಿಟ್‌ಮ್ಯಾನ್ ಒಳ್ಳೆಯವನಿದ್ದರೆ ಸಾಕು. ನಿನ್ನ ಕಾಲಿನ ಅಳತೆ ಎಷ್ಟು?”

ಯಾಕೆ ಕೇಳಿದ ಎಂದು ಆಮೇಲೆ ತಿಳಿಯಿತು. ಅವನ ಎಡಗಾಲು ಬಲಗಾಲಿಗಿಂತ ಅರ್ಧ ಅಳತೆ ದೊಡ್ಡದು. ಹೊಸ ಬೂಟು ಪಳಗುವವರೆಗೆ ಹೆಬ್ಬೆರಳು ಕಚ್ಚುತ್ತಿತ್ತು. ದೇವರ ದಯೆಯಿಂದ ನನ್ನ ಕಾಲುಗಳೂ ಅದೇ ಅಳತೆ, ಎಡದ್ದು ಸ್ವಲ್ಪ ದೊಡ್ಡದು. ಅಂದಿನಿಂದ ಅವನ ಪ್ರತಿ ಹೊಸ ಜೋಡಿಯನ್ನು ಮೊದಲು ಹಾಕಿಕೊಂಡವನು ನಾನು. ಒದ್ದೆ ಕಾಲುಚೀಲ ತೊಟ್ಟು, ಬೂಟಿನ ಹಗ್ಗ ಬಿಗಿದು, ನಾಲ್ಕು ದಿನ ಕಿಟ್ ಕೋಣೆಯಲ್ಲಿ ಟಕಟಕ ಓಡಾಡುತ್ತಿದ್ದೆ. ಜೆರ್ಸಿ ಮಡಿಸುವುದು, ಲಾಂಡ್ರಿ ಮೆಶಿನ್ ತುಂಬುವುದು ಎಲ್ಲ ಆ ಬೂಟಿನಲ್ಲೇ. ಮಸಾಜಿನವನು ಬಾಗಿಲಲ್ಲಿ ನಿಂತು ನಗುತ್ತಿದ್ದ.

“ಎಂಥ ಬ್ಯಾರಿ, ಯುರೋಪಿನ ಬೂಟು ಹಾಕಿ ನಿಕಾಹ್‌ಗೆ ಹೊರಟದ್ದಾ?”

“ನಿನಗೆ ಹೊಟ್ಟೆಕಿಚ್ಚು ಪೊರ್ಬು. ನೀನು ಅವನ ಕಾಲು ಹಿಡಿಯುವವನು, ನಾನು ಅವನ ಬೂಟಿನಲ್ಲಿ ನಡೆಯುವವನು.”

“ಹೌದು ಮಾರಾಯ, ಗೋಲು ಸಹ ನೀನೇ ಹೊಡಿ. ಅವನಿಗೆ ರಜೆ ಕೊಡುವ.”

ತಮಾಷೆ ಹಾಗಿರಲಿ, ಅವನು ಗೋಲು ಹೊಡೆದಾಗಲೆಲ್ಲ ಬೆಂಚಿನ ಹಿಂದೆ ನಿಂತ ನನ್ನ ಎದೆ ಉಬ್ಬುತ್ತಿತ್ತು. ಆ ಬೂಟಿನ ಮೊದಲ ನಾಲ್ಕು ದಿನದ ನಡಿಗೆ ನನ್ನದು ಎಂದು ಯಾರಿಗೆ ಗೊತ್ತು? ಅವನಿಗೆ ಗೊತ್ತಿತ್ತು. ಗೋಲಾದ ಮೇಲೆ ಬಗ್ಗಿ ಬೂಟನ್ನು ತಟ್ಟಿ, ನಮ್ಮ ಕಡೆ ಬೆರಳು ತೋರಿಸುತ್ತಿದ್ದ. ಟೀವಿಯವರು ಅದು ಕೋಚಿಗೆ ಎಂದುಕೊಂಡರು. ಇರಲಿ.

ಬೂಟು ತೊಳೆಯುವುದು ಕೀಳು ಕೆಲಸ ಎಂದು ಕೆಲವರ ಎಣಿಕೆ. ನಾನು ಹಲ್ಲುಜ್ಜುವ ಬ್ರಶ್ಶಿನಿಂದ ಹುಲ್ಲು ಕೆರೆದು, ಒದ್ದೆ ಹೀರಲು ಒಳಗೆ ಪೇಪರ್ ತುರುಕುತ್ತಿದ್ದೆ. ಅರಬ್ಬಿ ಪೇಪರ್ ಮುಟ್ಟುತ್ತಿರಲಿಲ್ಲ. ಅದರಲ್ಲಿ ಅಲ್ಲಾಹನ ಹೆಸರು ಇದ್ದೀತು. ಇಂಗ್ಲಿಷ್ ಪೇಪರ್ ಮಾತ್ರ. ಹೀಗೆ ವರ್ಷಗಟ್ಟಲೆ ಬೂಟುಗಳನ್ನು ಬೋರಲು ಹಾಕಿ ನೋಡಿ ನೋಡಿ, ಅಡಿಯಲ್ಲಿ ಹುಲ್ಲು ಕಚ್ಚಿ ಹಿಡಿಯುವ ಗುಬುಟುಗಳಾದ ಸ್ಟಡ್‌ಗಳ ಸವೆತ ನೋಡಿಯೇ ಆಟಗಾರನ ಸ್ಥಿತಿ ಹೇಳುವಷ್ಟಾಗಿದ್ದೆ. ಹೆದರಿದವನ ಹಿಮ್ಮಡಿ ಸವೆಯುತ್ತದೆ. ಸೋಮಾರಿಯ ಬೂಟು ಹೊಸದಾಗಿಯೇ ಇರುತ್ತದೆ. ಇದನ್ನು ಯಾವ ಸ್ಕೂಲೂ ಕಲಿಸಿದ್ದಲ್ಲ.

ಎರಡನೆಯ ಸೀಸನ್ ಮುಗಿಯುತ್ತ ಬಂದಾಗ ಅವನ ಬಲಗಾಲಿನ ಬೂಟು ಬೇರೆ ಮಾತು ಹೇಳತೊಡಗಿತು. ಎಡದ್ದರ ಸ್ಟಡ್‌ಗಳು ಒಳಬದಿಗೆ ಓರೆಯಾಗಿ ಸವೆದಿದ್ದವು. ಬಲದ್ದರಲ್ಲಿ ಒಳಬದಿ ಅಂಗಡಿಯಿಂದ ತಂದ ಹಾಗೇ ಇತ್ತು. ಆ ಕಾಲನ್ನು ಊರಿ ಅವನು ತಿರುಗುತ್ತಲೇ ಇಲ್ಲ. ಮೊಣಕಾಲು ನೋಯುತ್ತಿದೆ, ಮುಚ್ಚಿಡುತ್ತಿದ್ದಾನೆ ಎಂದು ತಿಳಿಯಿತು. ಕ್ಲಬ್ ಇನ್ನೊಂದು ವರ್ಷಕ್ಕೆ ಕರಾರು ಮಾಡುವ ಸಮಯ ಅದು. ಅವನು ಮೊದಲೇ ನನ್ನಲ್ಲಿ ಹೇಳಿದ್ದ: “ಎಷ್ಟೋ ದೇಶ ನನಗೆ ಸಾಕು ಹೋಗು ಅಂದಿದೆ. ಇಲ್ಲಿ ಮಾತ್ರ ನಾನೇ ಸಾಕು ಅನ್ನಬೇಕು. ನಾನೇ.”

ನಾನು ಬೂಟನ್ನು ತೊಳೆದು ಸುಮ್ಮನೆ ಇಟ್ಟೆ. ಮೂರು ವಾರ ಸುಮ್ಮನೇ ಇದ್ದೆ.

ಒಂದು ಸಂಜೆ ತರಬೇತಿ ಮುಗಿದ ಮೇಲೆ ತಂಡದ ಮ್ಯಾನೇಜರ್, ಕ್ಲಬ್ಬಿನ ಆಡಳಿತಕ್ಕೆ ಹೊಸದಾಗಿ ಬಂದ ಒಬ್ಬ ಸಾಹೇಬನನ್ನು ಕರೆದುಕೊಂಡು ಕಿಟ್ ಕೋಣೆಗೆ ಬಂದ. ಎಲ್ಲ ತೋರಿಸುತ್ತ, ನನ್ನ ಮುಖವನ್ನೂ ನೋಡದೆ, “ಇವನು ಬಟ್ಟೆ ಒಗೆಯುವವನು,” ಎಂದ. ಅಷ್ಟೇ.

ಅದು ನನಗೆ ನಾಟಿತು. “ಒಗೆಯುವವನು ಮಾತ್ರ ಅಲ್ಲ ಸರ್,” ಎಂದೆ. ಕಪಾಟಿನಿಂದ ಆ ಜೋಡಿಯನ್ನು ತೆಗೆದು ಬೋರಲು ಹಾಕಿದೆ. “ನಿಮ್ಮ ಡಾಕ್ಟರಿಗೆ ಗೊತ್ತಿಲ್ಲದ್ದು ನನಗೆ ಗೊತ್ತು. ನೋಡಿ, ಈ ಕಾಲು ಮೂರು ವಾರದಿಂದ ಕೆಲಸ ಮಾಡ್ತಾ ಇಲ್ಲ.” ಬೆರಳಿಟ್ಟು ಒಂದೊಂದು ಸ್ಟಡ್ಡನ್ನೂ ತೋರಿಸಿದೆ. ಹೊಸ ಸಾಹೇಬ ಹುಬ್ಬೇರಿಸಿ, “ವಂಡರ್‌ಫುಲ್!” ಎಂದ. ನನಗೆ ಸ್ವರ್ಗ ಮೂರೇ ಗೇಣು. ಮ್ಯಾನೇಜರ್ ಮಾತ್ರ ಫೋನಿನಲ್ಲಿ ಬೂಟಿನ ತಳದ ಫೋಟೋ ತೆಗೆದುಕೊಂಡ. ಆ ಫೋಟೋದ ಸದ್ದು ಕೇಳಿದಾಗ ಬೂಟುಗಳನ್ನು ತಟ್ಟನೆ ಕಪಾಟಿಗೆ ಸೇರಿಸಿದೆ.

ಎರಡು ದಿನದಲ್ಲಿ ಸ್ಟ್ರೈಕರನನ್ನು ಸ್ಕ್ಯಾನಿಂಗಿಗೆ ಕಳಿಸಿದರು. ಆ ವಾರವೇ ಕರಾರು ಇಲ್ಲ ಎಂದರು. ಖಲಾಸ್.

ಮೊಣಕಾಲಿನ ಗುಟ್ಟನ್ನು ಅವನು ಹೇಳಿಕೊಂಡದ್ದು ಒಬ್ಬನ ಹತ್ತಿರ ಮಾತ್ರ, ಮಸಾಜಿನವನ ಹತ್ತಿರ. ಕಾಲು ತಿಕ್ಕುವ ಆ ಕೈಗಳಿಗೆ ತಿಳಿಯದ ಹಾಗೆ ಮುಚ್ಚಿಡಲು ಆಗುತ್ತಿತ್ತೇ? ಇಬ್ಬರೂ ಒಳ್ಳೆಯ ಗೆಳೆಯರು. ಭಾನುವಾರ ನಮ್ಮ ಕೋಣೆಗೆ ಬಂದು ಪೊರ್ಬುವಿನ ಕೈಯ ಮೀನುಸಾರು ಉಂಡು, ಖಾರಕ್ಕೆ ಕಣ್ಣಲ್ಲಿ ನೀರು ಸುರಿಸುತ್ತ ಇನ್ನೂ ಹಾಕು ಎನ್ನುತ್ತಿದ್ದವನು ಸ್ಟ್ರೈಕರ್. ಆ ದಿನ ಡ್ರೆಸ್ಸಿಂಗ್ ರೂಮಿಗೆ ನುಗ್ಗಿ, ಇಡೀ ತಂಡದ ಎದುರು ಕೂಗಿದ:

“ನನ್ನ ಕಾಲನ್ನು ನಿನ್ನ ಕೈಯಲ್ಲಿ ಇಟ್ಟೆ. ನೀನು ಅದನ್ನು ಮಾರಿದೆ!”

“ನಾನಲ್ಲ. ತಾಯಾಣೆ ನಾನಲ್ಲ,” ಎಂದ ಮಸಾಜಿನವನು. ಎಣ್ಣೆ ಹಚ್ಚಿದ ಕೈಗಳನ್ನು ಎಲ್ಲಿ ಇಡುವುದೆಂದು ತಿಳಿಯದೆ ಗಾಳಿಯಲ್ಲೇ ಹಿಡಿದಿದ್ದ.

“ಮತ್ತೆ ಯಾರು? ಇನ್ಯಾರಿಗೆ ಗೊತ್ತು?”

ನಾನು ಅಲ್ಲೇ ಇದ್ದೆ. ಮೂಲೆಯಲ್ಲಿ ಕಾಲುಚೀಲಗಳನ್ನು ಜೋಡಿ ಮಾಡುತ್ತಿದ್ದೆ. ಜೋಡಿ ಮಾಡುತ್ತಲೇ ಇದ್ದೆ.

ಕೋಣೆಗೆ ಬಂದ ಮೇಲೆ ಪೊರ್ಬು ಅಕ್ಕಿ ತೊಳೆಯುತ್ತ ಕೇಳಿದ, “ಯಾರು ಹೇಳಿರಬಹುದು ಬ್ಯಾರಿ? ನಿನಗೆ ಏನಾದರೂ ಅಂದಾಜು ಉಂಟಾ?”

“ಯಾರಿಗೆ ಗೊತ್ತು ಮಾರಾಯ,” ಎಂದೆ.

ಅವನು ನನ್ನನ್ನು ಒಂದು ಕ್ಷಣವೂ ಅನುಮಾನಿಸಲಿಲ್ಲ. ಆಟಗಾರರು ಅವನ ಮೇಜಿನ ಮೇಲೆ ಮಲಗುವಾಗ ಮಾತು ನಿಲ್ಲಿಸತೊಡಗಿದರು. ಸೀಸನ್ ಮುಗಿದದ್ದೇ ಅವನು ರಾಜೀನಾಮೆ ಕೊಟ್ಟು ಒಂದು ಆಸ್ಪತ್ರೆಯ ಕೆಲಸಕ್ಕೆ ಸೇರಿದ. ಕೆಲವು ವರ್ಷಗಳ ಬಳಿಕ ಊರಿಗೆ ಹೋದ.

ಸ್ಟ್ರೈಕರ್ ಸೋಲುವವನಲ್ಲ. ಆಪರೇಶನ್ ಮಾಡಿಸಿಕೊಂಡು, ಅಬುಧಾಬಿಯ ಒಂದು ಸಣ್ಣ ಕ್ಲಬ್ಬಿಗೆ ಸೇರಿ, ಇನ್ನೂ ಎರಡು ಸೀಸನ್ ಆಡಿದ. ಅವನ ಕೊನೆಯ ಪಂದ್ಯಕ್ಕೆ ನಾನು ದುಬೈಯಿಂದ ಬಸ್ಸು ಹಿಡಿದು ಹೋಗಿದ್ದೆ. ಸ್ಟೇಡಿಯಂ ಅರ್ಧ ಖಾಲಿ. ಬಲಗಾಲನ್ನು ಗಟ್ಟಿಯಾಗಿ ಊರಿ, ಒಂದು ಸುತ್ತು ತಿರುಗಿ, ಎಡಗಾಲಲ್ಲಿ ಚೆಂಡನ್ನು ಗೋಲಿನ ಮೂಲೆಗೆ ಇಟ್ಟ. ಹೊಡೆದದ್ದಲ್ಲ, ಇಟ್ಟದ್ದು. ಸ್ವಲ್ಪ ಹೊತ್ತಿಗೆ ತಾನೇ ಕೈ ಎತ್ತಿ ಬದಲಿ ಆಟಗಾರನನ್ನು ಕರೆದು ಹೊರಗೆ ನಡೆದ. ಪಕ್ಕದಲ್ಲಿ ಕೂತ ಮಲಯಾಳಿಯ ಭುಜ ಹಿಡಿದು ಅಲ್ಲಾಡಿಸಿ, “ನನ್ನವನು, ಅವನು ನನ್ನವನು” ಎಂದು ನಾನು ಅತ್ತೆ. ಅಷ್ಟು ಹೆಮ್ಮೆ ನನಗೆ ನನ್ನ ಮಕ್ಕಳ ಮದುವೆಯಲ್ಲೂ ಆಗಿರಲಿಲ್ಲ.

ಈಗ ನಾನು ನಿವೃತ್ತ. ದುಬೈಯ ಅಲ್ ಬರ್ಷಾದಲ್ಲಿ ಮಗಳ ಮನೆಯಲ್ಲಿದ್ದೇನೆ. ಹಿಂದಿನ ವರ್ಷ ಹಜ್ಜಿಗೆ ಹೊರಟೆ. ಹೊರಡುವ ಮುಂಚೆ, ತಿಳಿದೋ ತಿಳಿಯದೆಯೋ ನೋಯಿಸಿದವರನ್ನೆಲ್ಲ ಕಂಡು ಅಥವಾ ಫೋನ್ ಮಾಡಿ ಮಾಫ್ ಕೇಳುವುದು ನಮ್ಮಲ್ಲಿ ಪದ್ಧತಿ. ಹಾಗೆ ಮೊದಲು ಅಬುಧಾಬಿಗೆ ಹೋದೆ. ಸ್ಟ್ರೈಕರ್ ಈಗ ಅಲ್ ರೀಮ್ ಐಲ್ಯಾಂಡಿನಲ್ಲಿದ್ದಾನೆ, ಮಕ್ಕಳಿಗೆ ಆಟ ಕಲಿಸುತ್ತಾನೆ. ಅವನ ಎತ್ತರದ ಮನೆಯ ಬಾಲ್ಕನಿಯಲ್ಲಿ ಕೂತು ಎಲ್ಲ ಹೇಳಿದೆ. ಬೂಟು ತೋರಿಸಿದ್ದು, ಜಂಬ ಕೊಚ್ಚಿದ್ದು, ಸುಮ್ಮನಿದ್ದದ್ದು.

ಅವನು ಕುರ್ಚಿಯನ್ನು ನನ್ನ ಕಡೆಗೆ ಎಳೆದುಕೊಂಡ. ಆಮೇಲೆ ಕೇಳಿದ, “ಬೂಟು ನೋಡಿಯೇ ಕಂಡುಹಿಡಿದೆಯಾ? ಬರೀ ಬೂಟು ನೋಡಿ?”

“ಹೌದು.”

“ಅಷ್ಟು ದೇಶ ಸುತ್ತಿದೆ, ಇಂಥ ಕಳ್ಳ ಮುದುಕ ಎಲ್ಲೂ ಸಿಗಲಿಲ್ಲ!” ನಕ್ಕ. ನಂತರ ನಗು ನಿಲ್ಲಿಸಿದ. “ನನ್ನದು ಮಾಫಿ ಮುಷ್ಕಿಲ್, ಏನೂ ತೊಂದರೆ ಇಲ್ಲ, ಮರೆತುಬಿಡು. ಅವನಿಗೆ ಹೇಳಿದೆಯಾ? ಎಲ್ಲರ ಎದುರು ಅವನನ್ನು ನಾನು ಕಳ್ಳ ಮಾಡಿದೆ. ಫೋನ್ ಹಾಕು, ಯಲ್ಲಾ, ಬೇಗ.”

“ನಾನೇ ಹೇಳುತ್ತೇನೆ. ಮೊದಲು ನಾನು ಹೇಳಬೇಕು, ಆಮೇಲೆ ನೀನು,” ಎಂದು ಅವನ ಕೈ ಹಿಡಿದೆ. ಅವನು ಒಪ್ಪಿದ.

ಮಗಳ ಮನೆಗೆ ಬಂದು ಊರಿಗೆ ಫೋನ್ ಮಾಡಿದೆ. ಪೊರ್ಬು ಎತ್ತಿದ. “ಹಜ್ಜಿಗೆ ಹೋಗ್ತಾ ಇದ್ದೇನೆ. ಏನಾದರೂ ತಪ್ಪಾಗಿದ್ದರೆ ಮಾಫ್ ಮಾಡು,” ಎಂದೆ.

“ನೀನು ನನಗೆ ಎಂಥ ತಪ್ಪು ಮಾಡಿದ್ದು ಬ್ಯಾರಿ?” ಎಂದು ಅವನು ನಕ್ಕ. “ನನ್ನ ಪಾಲಿನ ಮೀನು ತಿಂದದ್ದು ಬಿಟ್ಟರೆ ಎಂಥದೂ ಇಲ್ಲ. ಮಾಫ್, ಮಾಫ್. ಹೋಗಿ ಬಾ. ನನಗೂ ಒಂದು ದುವಾ ಮಾಡು.” ಫೋನ್ ಇಡುವ ಮುಂಚೆ ಸ್ವರ ತಗ್ಗಿಸಿ ಕೇಳಿದ, “ಆ ಸೆರ್ಬಿಯಾದವನು ಹೇಗಿದ್ದಾನೆ? ನನ್ನ ಸುದ್ದಿ ಏನಾದರೂ ತೆಗೀತಾನಾ?”

“ತೆಗೀತಾನೆ,” ಎಂದೆ. ಸಲಾಂ ಹೇಳಿ ಫೋನ್ ಇಟ್ಟುಬಿಟ್ಟೆ.

ಏನು ತಪ್ಪೆಂದು ಹೇಳದೆ ಕೇಳಿದ್ದು ಕ್ಷಮೆ ಅಲ್ಲ ಎಂದು ಮೆಕ್ಕಾದಲ್ಲಿ ನಿಂತಾಗಲೂ ನನಗೆ ಗೊತ್ತಿತ್ತು. ಹೋಗಿ ಬಂದು ಹತ್ತು ತಿಂಗಳಾಯಿತು. ಅಲ್ ರೀಮಿನಿಂದ ಆಗಾಗ ಒಂದೇ ಸಾಲಿನ ಮೆಸೇಜ್ ಬರುತ್ತದೆ: ಹೇಳಿದೆಯಾ? ಇಬ್ಬರು ಗೆಳೆಯರು ಒಬ್ಬರ ಸುದ್ದಿಯನ್ನು ಇನ್ನೊಬ್ಬರು ನನ್ನಲ್ಲಿ ಕೇಳುತ್ತಾರೆ, ನಡುವೆ ನಾನು ಬಾಯಿ ಮುಚ್ಚಿ ಕೂತಿದ್ದೇನೆ.

ನಾನು ಇನ್ನೂ ಕ್ಷಮೆ ಕೇಳಬೇಕಾದವರಲ್ಲಿ ಆ ಮ್ಯಾನೇಜರ್ ಇಲ್ಲ, ಸ್ಟ್ರೈಕರ್ ಇಲ್ಲ. ಇರುವವನು ಒಬ್ಬನೇ. ನನಗೆ ಕೆಲಸ ಕೊಡಿಸಿದವನು, ಹನ್ನೊಂದು ವರ್ಷ ನನಗೆ ಅನ್ನ ಬೇಯಿಸಿದವನು, ಬೇರೆಯವರ ನೋವನ್ನು ಕೈಯಲ್ಲಿ ತಿಳಿದು ಬಾಯಲ್ಲಿ ಯಾರಿಗೂ ಹೇಳದವನು. ಆ ಮಸಾಜಿನವನು, ನನ್ನ ಪೊರ್ಬು.