ಉಡಿಗೆ ಬಿದ್ದ ಸಮುದ್ರದ ಸೌತೆಕಾಯಿ

ನನ್ನನ್ನು ನೋಡಲು ಬಂದ ದಿನ ನನ್ನ ಯಜಮಾನರು ಒಂದು ಗಾಜಿನ ಭರಣಿಯನ್ನು ಎದೆಗೆ ಅವಚಿಕೊಂಡು ಮಮದಾಪುರಕ್ಕೆ ಬಂದಿಳಿದರು. ಹುಕ್ಕೇರಿಯ ಸಾಲಿ ಮಾಸ್ತರರು. ರಜೆಯಲ್ಲಿ ರತ್ನಾಗಿರಿಗೆ ಹೋಗಿ, ಮಕ್ಕಳಿಗೆ ತೋರಿಸಲೆಂದು ಸಮುದ್ರದ ಪ್ರಾಣಿಯೊಂದನ್ನು ಔಷಧದ ನೀರಿನಲ್ಲಿ ಹಾಕಿಸಿಕೊಂಡು, ಸಂಕೇಶ್ವರದಲ್ಲಿ ಮೋಟಾರು ತಪ್ಪಿಸಿಕೊಂಡು, ಮನೆಗೂ ಹೋಗದೆ ನೇರ ನಮ್ಮಲ್ಲಿಗೇ ಬಂದಿದ್ದರು. ಕನ್ಯೆ ನೋಡಲು ಬರುವವರು ಉಡಿ ತುಂಬಲು ತೆಂಗಿನಕಾಯಿ ತರುತ್ತಾರೆ. ಇವರು ಅದನ್ನು ಮರೆತು ಇದನ್ನು ತಂದಿದ್ದರು.

ದಿನಾ ಲಿಂಗಪೂಜೆಯಾಗದೆ ಒಲೆ ಹೊತ್ತದ ನಮ್ಮ ಮನೆಯಲ್ಲಿ ತತ್ತಿಯ ಹೆಸರನ್ನೂ ಎತ್ತುವಂತಿರಲಿಲ್ಲ. ಅಪ್ಪನ ಅವ್ವ, ನಮ್ಮ ಆಯಿ, ಭರಣಿಯ ಕಡೆ ಕೈ ತೋರಿಸಿದಳು. “ಇದೇನ್ರಿ ಮಾಸ್ತರ?”

ಕದ್ದು ನೋಡಿದೆ. ಮಾಸ್ತರರ ಹಣೆ ಬೆವರಿತ್ತು. “ಇದಕ್ಕ ಸಮುದ್ರದ ಸೌತಿಕಾಯಿ ಅಂತಾರ್ರಿ.”

“ಉಪ್ಪನೀರಾಗ ಹಾಕಿ ತಂದೀರಲ್ಲ, ಚಲೋ ಆತ ಬಿಡ್ರಿ,” ಎಂದು ಆಯಿ ಅಕ್ಕಿ, ಎಲೆ, ಅಡಿಕೆಯ ಜೊತೆಗೆ ಭರಣಿಯನ್ನೂ ನನ್ನ ಉಡಿಗೆ ಹಾಕಿಯೇಬಿಟ್ಟಳು.

ನೋಡಲು ಬಂದವರೆದುರು ಹುಡುಗಿ ತಲೆ ಎತ್ತಬಾರದು. ಅವಳ ಇಷ್ಟವನ್ನಂತೂ ಯಾರೂ ಕೇಳುತ್ತಿರಲಿಲ್ಲ. ಎಲ್ಲರೂ ನನ್ನನ್ನು ನೋಡುತ್ತಿದ್ದರೆ ನಾನು ಉಡಿಯೊಳಗಿನ ಭರಣಿಯನ್ನು ನೋಡುತ್ತ ಕೂತೆ. ಸೌತೆಕಾಯಿಯ ಹೊಟ್ಟೆಯಡಿ ಸಾಲಾಗಿ ಪುಟ್ಟ ಪುಟ್ಟ ಕಾಲು, ಒಂದು ತುದಿಗೆ ಬಾಯಿ. ನಮ್ಮ ಹೊಲದ ಯಾವ ಬಳ್ಳಿಯೂ ಅಂಥ ಕಾಯಿ ಬಿಟ್ಟಿದ್ದಿಲ್ಲ. ಆಯಿಗೆ ಗೊತ್ತಾದರೆ ಸಂಬಂಧ ಅಲ್ಲಿಗೇ ಮುರಿಯುತ್ತದೆ ಎಂದು ನನ್ನ ಜೀವ ಹೊಡೆದುಕೊಂಡಿತು. ಆ ಬೆವರುವ ಮನುಷ್ಯ ಆಗಲೇ ನನ್ನ ಮನಸ್ಸಿಗೆ ಬಂದಿದ್ದರು. ಮೆಲ್ಲಗೆ ಸೆರಗು ಎಳೆದು ಭರಣಿ ಮುಚ್ಚಿದೆ.

ಮದುವೆಯಾದ ಮೇಲೆ ಆ ಹೆಸರಿನ ಕಥೆ ಕೇಳಿ ಕೇಳಿ ನನಗೆ ಬಾಯಿಪಾಠವಾಯಿತು. ಬಹಳ ಹಿಂದೆ ಪರದೇಶದ ಪಂಡಿತರು ಅದರ ನೀಳ ಮೈ, ಗಂಟುಗಂಟು ತೊಗಲು ಕಂಡು ಸೌತೆಕಾಯಿ ಎಂದು ಕರೆದರಂತೆ. ಅದೇ ಉಳಿಯಿತಂತೆ.

“ಹೆಸರಿಡೂ ಮುಂದ ಒಮ್ಮಿ ತಿರುವಿ ನೋಡಬಾರದಾಗಿತ್ತೇನ್ರಿ?” ಎಂದು ಕೆಣಕುತ್ತಿದ್ದೆ.

“ನಿನ್ನನ್ನೂ ನಾ ತಿರುವಿ ನೋಡಲಾರದನ ಒಪ್ಪೀನಿ,” ಎನ್ನುತ್ತಿದ್ದರು.

ಚೊಚ್ಚಲ ಬಸುರಿಯಾಗಿ ತವರಿಗೆ ಹೋದಾಗ ಆಯಿ ಕೇಳಿದಳು, “ಆ ಭರಣಿ ಎಲ್ಲಿ ಐತಿ?”

“ಸಾಲಿ ಕಪಾಟಿನ್ಯಾಗ ಐತಿ. ಆಯಿ, ಅದು ಕಾಯಿ ಅಲ್ಲ...” ಎಂದು ತಡವರಿಸಿದೆ.

“ಗೊತ್ತೈತಿ. ನಿನ್ನ ಉಡಿಗೆ ಹಾಕಿದ ಮ್ಯಾಲ ಅದರ ಕಾಲು ನನಗೂ ಕಂಡ್ವು.”

“ಮತ್ತ ಯಾಕ ಸುಮ್ಮನಿದ್ದಿ?”

“ನೀ ಸೆರಗ ಮುಚ್ಚಿದ್ಯಲ್ಲ. ಹುಡುಗ ನಿನ್ನ ಮನಸಿಗೆ ಬಂದಾನಂತ ತಿಳೀತು. ಅವರನ್ನ ಕಳಿಸಿ, ಮನಿ ಪೂರಾ ಸಾರಿಸಿದೆ.”