ಕೊನೇ ಬಾಗಿಲಿಗೂ ಒಂದು ಪಾಲು

ಹೋದ ಭಾನುವಾರ ಅಮ್ಮ ಫ್ರೀಜರಿನಿಂದ ಬಾಳೆ ಎಲೆ ತೆಗೆದು ಬಿಸಿನೀರಿಗೆ ಅದ್ದಿದಳು. ಆ ಹಸಿ ವಾಸನೆ ಎದ್ದದ್ದೇ ತಡ, ನನ್ನ ಮಿಮಿಕ್ರಿ ಅರ್ಧಕ್ಕೇ ನಿಂತಿತು. ಮಾಡುತ್ತಿದ್ದದ್ದು ಅಮ್ಮನದೇ: ಫ್ರೀವೇಯಲ್ಲಿ ನಾನು ಲೇನು ಬದಲಿಸಿದಾಗೆಲ್ಲ ಪಕ್ಕದ ಸೀಟಿನಲ್ಲೇ ಆಕೆ ಬ್ರೇಕು ಒತ್ತುವುದು.

"ಯಾಕಲೇ, ಬ್ಯಾಟರಿ ಮುಗೀತೇನು?" ಅಂದಳು.

"ಪಕ್ಕದ ಮನೆ ಅಜ್ಜಿ ನೆನಪಾದರು."

ಅಮ್ಮ ಒರೆಸಿದ ಎಲೆ ಪಕ್ಕಕ್ಕಿಟ್ಟು ಇನ್ನೊಂದನ್ನು ನೀರಿಗೆ ಅದ್ದಿದಳು.

ಸ್ಯಾನ್ ಮಟಿಯೋದ ನಮ್ಮ ಅಪಾರ್ಟ್‌ಮೆಂಟು ಹಳೇ ಕಾಲದ್ದು. ಮಹಡಿಯ ಮೇಲೆ ಹೊರಗಡೆಯೇ ಒಂದು ಉದ್ದ ಕಾರಿಡಾರು, ಎಲ್ಲರ ಬಾಗಿಲೂ ಅದಕ್ಕೇ. ಪಕ್ಕದ ಮನೆಯ ನರ್ಸಿಗೆ ಮಗು ಹುಟ್ಟಿದಾಗ ನೋಡಿಕೊಳ್ಳಲು ಅವರ ತಾಯಿ ಬೋರ್ನಿಯೋದಿಂದ ಬಂದರು. ಅಲ್ಲಿನ ಕಾಯಾನ್ ಬುಡಕಟ್ಟಿನವರು. ಸರವಾಕಿನ ಕಾಡಿನೊಳಗೆ, ನದಿಯ ಮೇಲ್ದಂಡೆಯಲ್ಲಿ ಅವರ ಊರು. ಊರೆಂದರೆ ಒಂದೇ ಒಂದು ಉದ್ದಮನೆ. ಒಂದೇ ಸೂರಿನಡಿ ಸಾಲಾಗಿ ಸಂಸಾರಗಳು, ಎಲ್ಲರ ಮುಂದೆ ಹಾಯುವ ಒಂದೇ ಜಗಲಿ. ಊರು ಎಷ್ಟು ದೊಡ್ಡದು ಅಂತ ಕೇಳಿದರೆ ಇಷ್ಟು ಬಾಗಿಲು ಅನ್ನುತ್ತಾರಂತೆ. "ಇಲ್ಲೂ ಹಾಗೇ ಅಜ್ಜಿ, ಆದರೆ ಯಾರೂ ಬಾಗಿಲು ತೆಗೆಯಲ್ಲ" ಅಂದಿದ್ದೆ. ನಮ್ಮ ಮಾತೆಲ್ಲ ಮುರುಕು ಇಂಗ್ಲಿಷಿನಲ್ಲಿ. ಕನ್ನಡ ಡಬ್ಬಿಂಗು ನನ್ನದು.

ಬಂದ ವಾರವೇ ಅಜ್ಜಿ ಎಲೆಯಲ್ಲಿ ಅನ್ನ, ಮೀನು ಕಟ್ಟಿ ಬೇಯಿಸಿ ಬಾಗಿಲಿಗೊಂದರಂತೆ ಪೊಟ್ಟಣ ಇಟ್ಟರು. ಅವರ ಊರಲ್ಲಿ ಕಾಡುಹಂದಿ ಹೊಡೆದು ತಂದರೆ ಹೀಗೇ, ಪ್ರತಿ ಬಾಗಿಲಿಗೂ ಸಮಪಾಲು. ಇಲ್ಲಿ ಎಲ್ಲರೂ ಡೆಲಿವರಿ ತಪ್ಪಿ ಬಂದಿದೆ ಅಂದುಕೊಂಡರು. ಆಚೆ ತುದಿಯ ಗಡ್ಡದವನು ಫೋಟೋ ತೆಗೆದು ಬಿಲ್ಡಿಂಗಿನ ಗ್ರೂಪಿಗೆ ಹಾಕಿದ: ಯಾರ ಆರ್ಡರು? ನಮ್ಮಮ್ಮ ಧಾರವಾಡದವಳು, ಮೊಟ್ಟೆ ಬೆಂದ ಪಾತ್ರೆಯನ್ನೂ ಮನೆಯೊಳಗೆ ಬಿಡದವಳು. ಪೊಟ್ಟಣವನ್ನು ಎರಡು ಬೆರಳಲ್ಲಿ ಹಿಡಿದು ಹೊರಗೆ ಬಂದಳು.

"ಅಕ್ಕಾರ, ನಾವು ಮೀನಾ ತಿನ್ನಂಗಿಲ್ರೀ!"

ಅಜ್ಜಿ ಅಷ್ಟೇ ಜೋರಾಗಿ ಕಾಯಾನಿನಲ್ಲಿ ಏನೋ ಹೇಳಿದರು. ಕೂಗಿದರೆ ಭಾಷೆ ಅರ್ಥವಾಗುತ್ತದೆ ಅಂತ ಇಬ್ಬರೂ ನಂಬಿದ್ದರು. ಆಗಿಯೂ ಬಿಟ್ಟಿತು! ಮುಂದಿನ ವಾರ ನಮ್ಮ ಪಾಲಿನಲ್ಲಿ ಬರೀ ಅನ್ನ, ಸೊಪ್ಪು. ಗುರುತಿಗೆ ಕೆಂಪು ದಾರ.

ಮೆಟ್ಟಿಲ ಪಕ್ಕದ ಕೊನೇ ಮನೆ ಆಗ ಖಾಲಿ. ಅಲ್ಲೂ ಒಂದಿಟ್ಟರು.

"ಅಜ್ಜಿ, ಅಲ್ಲಿ ಯಾರೂ ಇಲ್ಲ."

"ಬಾಗಿಲಿದೆಯಲ್ಲ."

ಅದನ್ನು ಅಳಿಲು ತಿಂದಿತು. ಅಳಿಲು ದಾರ ಬಿಚ್ಚೋದು, ಮೂಸೋದು, ಮೀನು ಕಂಡು ನಮ್ಮಮ್ಮನ ಹಾಗೆ ಕಿರುಚೋದು, ಎಲ್ಲ ಮಾಡಿ ತೋರಿಸಿದೆ. ಅಜ್ಜಿ ನಕ್ಕು ನಕ್ಕು ನೆಲಕ್ಕೇ ಕೂತರು.

ಎಮರಿವಿಲ್ಲಿನ ಕಾರ್ಟೂನು ಸ್ಟುಡಿಯೋದಲ್ಲಿ ನನ್ನ ಕೆಲಸವೂ ಅದೇ ಜಾತಿಯದು. ದೊಡ್ಡ ನಟರು ಬರುವ ತನಕ ಬೊಂಬೆಗಳಿಗೆ ತಾತ್ಕಾಲಿಕ ದನಿ ಕೊಡುವುದು. ಅವರು ಬಂದ ಮೇಲೆ ನನ್ನದನ್ನು ಅಳಿಸುತ್ತಾರೆ. "ಹಾಗಾದರೆ ನಿನ್ನ ದನಿ ಎಲ್ಲಿ ಹೋಗುತ್ತೆ?" ಅಂತ ಅಜ್ಜಿ ನಿಜವಾಗಿಯೂ ಕಳವಳದಿಂದ ಕೇಳಿದರು. ಕತ್ತೆಯ ಹಾಗೆ ಅರಚಿ ತಪ್ಪಿಸಿಕೊಂಡೆ.

ಆಮೇಲೆ ಅಜ್ಜಿಯ ಊರಿಂದ ಒಂದು ಫೋನು ಬಂತು. ಮರ ಸಾಗಿಸುವ ರಸ್ತೆ ಊರು ಮುಟ್ಟಿತ್ತು. ಹಳೇ ಮರದ ಉದ್ದಮನೆ ಬಿಚ್ಚಿ ಸಿಮೆಂಟು ಕಂಬದ ಹೊಸದನ್ನು ಕಟ್ಟುತ್ತಾರಂತೆ. ಪ್ರತಿ ಬಾಗಿಲಿನವರೂ ಬಂದು ತಮ್ಮ ಭಾಗದ ಕಂಬ ನಿಲ್ಲಿಸಬೇಕು. ಯಾರೂ ಬರದಿದ್ದರೆ ಜಾಗ ಖಾಲಿ ಬಿಡುವುದಿಲ್ಲ. ಜಗಲಿ ನಡುವೆ ತುಂಡಾಗಬಾರದಲ್ಲ. ಎರಡೂ ಪಕ್ಕದವರು ಹತ್ತಿರ ಸರಿದು ಕಟ್ಟಿಕೊಳ್ಳುತ್ತಾರೆ. ಬಾಗಿಲು ಇಲ್ಲವಾಗುತ್ತದೆ.

ಅವತ್ತಿನಿಂದ ಅಜ್ಜಿ ಕೂತಲ್ಲಿ ಕೂರಲಿಲ್ಲ. ಮಗುವನ್ನು ಬೆನ್ನಿಗೆ ಕಟ್ಟಿಕೊಂಡು ಕಾರಿಡಾರಿನ ಈ ತುದಿಯಿಂದ ಆ ತುದಿಗೆ, ಆ ತುದಿಯಿಂದ ಈ ತುದಿಗೆ... ಬೆನ್ನಿಗೆ ದಿಂಬು ಕಟ್ಟಿಕೊಂಡು ನಾನೂ ಹಿಂದೆ ಹಿಂದೆ ನಡೆದೆ. ತಿರುಗಿ ನೋಡಿದರು. ನಗಲಿಲ್ಲ.

ಮಗಳು ಡ್ಯೂಟಿ ಮುಗಿಸಿ ಬಂದವರು ಬಾಗಿಲಲ್ಲೇ ಶುರುಮಾಡಿದರು. ಜಗಳವೆಲ್ಲ ಕಾಯಾನಿನಲ್ಲಿ, ಅರ್ಥ ಆಮೇಲೆ ಮಗಳೇ ಹೇಳಿದ್ದು. "ಅಲ್ಲಿ ಇರೋದು ಯಾರಮ್ಮಾ? ನಾನು ಹೋಗಲ್ಲ, ನನ್ನ ಮಗನೂ ಹೋಗಲ್ಲ. ರಸ್ತೆ ಬಂದಿದೆ, ಕರೆಂಟು ಬಂದಿದೆ, ಊರು ಬದಲಾಗಲಿ ಬಿಡು."

"ರಸ್ತೆ ಬೇಡ ಅಂತ ನಾನೆಲ್ಲಿ ಅಂದೆ? ನಿಮ್ಮಪ್ಪ ಆಸ್ಪತ್ರೆ ಸೇರೋ ಮೊದಲೇ ದೋಣಿಯಲ್ಲೇ ಪ್ರಾಣ ಬಿಟ್ಟರು. ಆಗ ಬರಬೇಕಿತ್ತು ರಸ್ತೆ. ಈಗ ಬಂತಲ್ಲ, ಅದರಲ್ಲೇ ಹೋಗ್ತೀನಿ."

ಹೋದರು. ಮಗು ಡೇಕೇರಿಗೆ ಸೇರಿತು. ಅಮ್ಮ ಶೇಂಗಾ ಹಿಂಡಿ, ಅದೇ ಚಟ್ನಿಪುಡಿ, ಕಟ್ಟಿಕೊಟ್ಟು, "ಅಕ್ಕಾರ, ಭಾಳ ಖಾರ ಐತ್ರೀ, ಚೂರ ಚೂರ" ಅಂತ ಮತ್ತೆ ಕೂಗಿ ಹೇಳಿದಳು. ಹೊರಡುವ ಬೆಳಿಗ್ಗೆಯೂ ಎಲ್ಲ ಬಾಗಿಲಿಗೂ ಪೊಟ್ಟಣ ಇದ್ದವು. ಕೊನೆಯದಕ್ಕೂ.

ಕೆಲವು ವಾರಗಳ ಮೇಲೆ ಮಗಳು ವಿಡಿಯೋ ತೋರಿಸಿದರು. ಸುಡುವ ಬಿಸಿಲು, ಮಿನುಗುವ ತಗಡು. ಹಗ್ಗ ಕಟ್ಟಿದ ಕಂಬ ಎಳೆಯುವ ಗಂಡಸರ ಮಧ್ಯೆ ಅಜ್ಜಿ, ಎಲ್ಲರಿಗೂ ಬೈಯುತ್ತಾ. ಬಾಗಿಲು ನಿಂತಿತು. ಜಗಲಿಗೆ ಟೈಲ್ಸು ಹಾಕಿದ್ದರು. "ಜಾರುತ್ತೆ, ಆದರೆ ಗುಡಿಸೋದು ಸಲೀಸು" ಅಂದಿದ್ದರಂತೆ ಅಜ್ಜಿ.

ಮುಂದಿನ ವರ್ಷ ಅಲ್ಲೇ ತೀರಿಕೊಂಡರು. ಮಗಳು ಆಸ್ಪತ್ರೆಯ ಬಟ್ಟೆಯಲ್ಲೇ ಕಾರಿಡಾರಿನಲ್ಲಿ ನಿಂತು ಹೇಳಿದರು. ಹೊಸ ಉದ್ದಮನೆಯಲ್ಲಿ ಅರ್ಧಕ್ಕರ್ಧ ಬಾಗಿಲಿಗೆ ಬೀಗವಂತೆ. ಹುಡುಗರೆಲ್ಲ ಅದೇ ರಸ್ತೆ ಹಿಡಿದು ಪೇಟೆ ಸೇರಿದ್ದರು, ಕ್ರಿಸ್ಮಸ್ಸಿಗೆ ಬಂದು ತೆಗೆದರೆ ಉಂಟು. ಅಜ್ಜಿಯ ಬಾಗಿಲಿನದೂ ಅದೇ ಗತಿ. "ಬೀಗದ ಕೈ ನನಗೆ ಕಳಿಸಿದ್ದಾರೆ" ಅಂದರು, ಅದನ್ನೇನು ಮಾಡಬೇಕು ಅಂತ ನನ್ನನ್ನೇ ಕೇಳುವವರ ಹಾಗೆ. ಆಮೇಲೆ ಅವರೂ ಮನೆ ಬದಲಿಸಿದರು.

ಭಾನುವಾರ ಅಮ್ಮ ಎಲೆಯಲ್ಲಿ ಅನ್ನ, ಸೊಪ್ಪು ಕಟ್ಟಿದಳು. ನಾನು ಬಾಗಿಲಿಗೊಂದರಂತೆ ಇಟ್ಟು ಬಂದೆ. ಅಜ್ಜಿಯ ಮನೆಯಲ್ಲಿ ಈಗ ಹೊಸ ಜೋಡಿ. ಆ ಹುಡುಗ ಬಂದು ಬೆಲ್ಲು ಒತ್ತಿದ.

"ಸಾರಿ, ನಿಮ್ಮ ಡೆಲಿವರಿ ನಮ್ಮಲ್ಲಿಗೆ ಬಂದಿದೆ."

ಯಾವುದಾದರೂ ಅಣಕು ದನಿ ತೆಗೆಯೋಣ ಅಂತ ಬಾಯಿ ತೆರೆದೆ. ಒಂದೂ ಬರಲಿಲ್ಲ.

"ಇಲ್ಲ, ಅದು ನಿಮ್ಮ ಬಾಗಿಲಿನ ಪಾಲು" ಅಂದೆ. ಅವನು ಬಿಸಿ ಪೊಟ್ಟಣವನ್ನು ಕೈಯಿಂದ ಕೈಗೆ ಬದಲಿಸುತ್ತಾ ನಿಂತ.

ಒಳಗಿಂದ ಅಮ್ಮ: "ಕೊನೀ ಮನಿಗೆ ಇಟ್ಟೀಯೇನೋ?"

ಕೊನೇ ಮನೆ ಮತ್ತೆ ಖಾಲಿ. ಅಲ್ಲಿ ಯಾರಿದ್ದಾರೆ ಅನ್ನುವುದು ನಾಲಿಗೆ ತುದಿಗೆ ಬಂದಿತ್ತು, ನುಂಗಿಕೊಂಡು ಚಪ್ಪಲಿ ಮೆಟ್ಟಿದೆ. ಪೊಟ್ಟಣ ಇಟ್ಟು, ಅಜ್ಜಿಯ ಮಗಳ ನಂಬರಿಗಾಗಿ ಫೋನು ತೆಗೆದೆ. ಉದ್ದಮನೆಯಲ್ಲಿ ಪಾಲು ಹಂಚುವಾಗ ಅಜ್ಜಿಯ ಬೀಗದ ಬಾಗಿಲಿಗೂ ಒಂದು ಇಡುತ್ತಾರಾ ಅಂತ ಕೇಳಬೇಕಿತ್ತು... ಇಲ್ಲ ಅಂದುಬಿಟ್ಟರೆ? ಫೋನು ಜೇಬಿಗೆ ಹಾಕಿಕೊಂಡು, ಕಾರಿಡಾರಿನ ಆ ತುದಿಯವರೆಗೆ ನಡೆದು, ಮತ್ತೆ ಈ ತುದಿಗೆ ಬಂದೆ.