ನಂಬರಣ್ಣನ ಹೊಟ್ಟೆಕಿಚ್ಚು

ಚಪ್ಪಲಿ ಅಂಗಡಿಯಲ್ಲಿ ಇಪ್ಪತ್ತು ವರ್ಷದಿಂದ ಊರಿನ ಪಾದಗಳನ್ನೆಲ್ಲ ತೊಡೆಯ ಮೇಲಿಟ್ಟುಕೊಂಡು ಬಂದವನು ಅವನು. ಗಿರಾಕಿ ಬಾಗಿಲು ದಾಟುವಷ್ಟರಲ್ಲಿ "ಏಳು ನಂಬರು, ಎಡಗಾಲು ಕೂದಲೆಳೆಯಷ್ಟು ದೊಡ್ಡದು" ಎನ್ನುತ್ತಿದ್ದ. ಅಳೆದು ನೋಡಿದರೆ ಹಾಗೇ ಇರುತ್ತಿತ್ತು. ಹಾಗಾಗಿ ಎಲ್ಲರ ಬಾಯಲ್ಲೂ ಅವನು ನಂಬರಣ್ಣ. ಇಂಥವನ ಕೈಗೆ ಸಿಗದ ಪಾದಗಳೆಂದರೆ ಅವನ ಮನೆಯಲ್ಲೇ ಇದ್ದ ನಾಲ್ಕು: ಹೆಂಡತಿಯವು ಎರಡು, ಹನ್ನೊಂದು ವರ್ಷದ ಮಗಳವು ಎರಡು.

ಹೆಂಡತಿಗೆ ಪಾದ ಉರಿಯುವ ಕಾಯಿಲೆಯೊಂದು ಅವಳ ತಾಯಿಯಿಂದ ಬಂದಿತ್ತು, ಮಗಳಿಗೆ ಇವಳಿಂದ. ನಾಲ್ಕು ಹೆಜ್ಜೆ ಹೆಚ್ಚು ನಡೆದರೆ ಸಾಕು, ಸೆಕೆಯಾದರೆ ಸಾಕು, ಪಾದ ಕೆಂಪಗಾಗಿ ಧಗಧಗ ಉರಿಯುತ್ತಿತ್ತು. ಐಸ್ ಇಟ್ಟರೆ ಚರ್ಮ ಹಾಳಾಗುತ್ತದೆ, ಇಡಬೇಡಿ ಎಂದು ಡಾಕ್ಟರು ಗದರಿಸಿ ಕಳಿಸಿದ್ದರು. ಮಾತ್ರೆ ಅರ್ಧ ಕೆಲಸ ಮಾಡುತ್ತಿತ್ತು. ಉಳಿದರ್ಧಕ್ಕೆ ತಾಯಿ ಮಗಳು ಹಿಂದಿನ ಕೋಣೆಯ ನೆಲದ ಮೇಲೆ ಅಕ್ಕಪಕ್ಕ ಮಲಗಿ, ಕಾಲು ಮೇಲೆತ್ತಿ ತಣ್ಣನೆಯ ಗೋಡೆಗೆ ಆನಿಸಿಕೊಳ್ಳುತ್ತಿದ್ದರು.

"ಇರುವೆ ಬಂತಾ?" ಎನ್ನುತ್ತಿದ್ದಳು ತಾಯಿ. ಉರಿಗೆ ಮೊದಲು ಬರುವ ಜುಮುಜುಮುವಿಗೆ ಅವರಿಬ್ಬರು ಇಟ್ಟುಕೊಂಡ ಹೆಸರು ಅದು.

"ಇರುವೆ ಹೋಗಿ ಕೆಂಡ ಬಂತಮ್ಮ."

"ಬರ್ಲಿ ಬಿಡು. ನಂದೂ ಕೆಂಡಾನೇ."

ಈ ಮಾತುಕತೆಯೊಳಗೆ ನಂಬರಣ್ಣನಿಗೆ ಪ್ರವೇಶವೇ ಇರಲಿಲ್ಲ. ಫ್ಯಾನು ತಂದಿಡುವವನು ಅವನು. ಬೆರಳಿಗೆ ತಾಗದ ಹಾಗೆ ಮಗಳ ಚಪ್ಪಲಿ ಬಿಚ್ಚಿ ಮತ್ತೆ ಹೊಲಿಯುವವನು ಅವನು. ಶಾಲೆಗೆ ಬೆನ್ನ ಮೇಲೆ ಹೊತ್ತುಕೊಂಡು ಹೋಗುವವನೂ ಅವನೇ. ಆದರೆ ಉರಿ ಶುರುವಾದರೆ ಕೂಗು ಮಾತ್ರ "ಅಮ್ಮಾ". ಒಮ್ಮೆ ಪಾದ ಹಿಡಿಯಹೋದರೆ ಮಗಳು, "ನೀನು ಬೇಡಪ್ಪ, ನಿಂಗೊತ್ತಾಗಲ್ಲ" ಎಂದು ಕಾಲು ಹಿಂದಕ್ಕೆ ಎಳೆದುಕೊಂಡಿದ್ದಳು. ಆ ಮಾತು ಹೊಸ ಚಪ್ಪಲಿಯ ಹಾಗೆ ಅವನನ್ನು ದಿನಾ ಕಚ್ಚುತ್ತಿತ್ತು.

ಹೇಳಿದರೆ ನಗುತ್ತೀರಿ, ಅವನಿಗೆ ಹೊಟ್ಟೆಕಿಚ್ಚು. ಹೆಂಡತಿಯ ಕಾಯಿಲೆಯ ಮೇಲೆ ಹೊಟ್ಟೆಕಿಚ್ಚು! ಗುಂಡುಕಲ್ಲಿನ ಹಾಗೆ ಗಟ್ಟಿಯಾಗಿದ್ದ ಆಸಾಮಿ, ತನಗೂ ಅದಿದ್ದರೆ ಆ ಗೋಡೆಯ ಬುಡದಲ್ಲಿ ತನಗೂ ಜಾಗ ಸಿಗುತ್ತಿತ್ತಲ್ಲ ಎಂದು ಒಳಗೊಳಗೇ ಕರುಬುತ್ತಿದ್ದ. ನನ್ನನ್ನು ಕೇಳಿದರೆ ತಲೆಗೆ ಎರಡು ಮೊಟಕಬೇಕಿತ್ತು.

ಒಂದು ರಜೆಯ ಮಧ್ಯಾಹ್ನ ಇಬ್ಬರೂ ಹಾಗೆ ಮಲಗಿದ್ದಾಗ ಅವನಿಗೆ ತಡೆಯಲಾಗಲಿಲ್ಲ. ಮಗಳ ಇನ್ನೊಂದು ಪಕ್ಕಕ್ಕೆ ದೊಪ್ಪನೆ ಬಿದ್ದುಕೊಂಡು ತಾನೂ ಗೋಡೆಗೆ ಕಾಲು ಕೊಟ್ಟ.

"ಇದೇನ್ರೀ?" ಎಂದಳು ಹೆಂಡತಿ.

"ನಂಗೂ ಇರುವೆ ಬಂದಿದೆ ಕಣೇ. ಬೆಳಗ್ಗೆಯಿಂದ."

ಮಗಳು ತಟ್ಟನೆ ತಿರುಗಿದಳು. "ನಿಜವಾಗ್ಲೂ? ಯಾವ ಬೆರಳಿಂದ ಶುರುವಾಯ್ತು?"

"ಹೆಬ್ಬೆರಳಿಂದ."

"ಸುಳ್ಳು! ಕಿರುಬೆರಳಿಂದ ಬರೋದು ಅದು." ಪರೀಕ್ಷೆ ಮಾಡಲೆಂದು ಅವಳು ತನ್ನ ಅಂಗಾಲನ್ನು ಅವನ ಪಾದದ ಮೇಲಿಟ್ಟಳು.

ಇನ್ನು ಮರ್ಯಾದೆ ಮೂರು ಕಾಸಿಗೆ ಹೋಯಿತು ಎಂದುಕೊಂಡ ನಂಬರಣ್ಣ. ಆದರೆ ಅವಳು ಕಾಲು ತೆಗೆಯಲಿಲ್ಲ. ಅವನ ಪಾದ ಮಣ್ಣಿನ ಹೂಜಿಯ ಹಾಗೆ ತಣ್ಣಗಿತ್ತು. ಅವಳು ಇನ್ನೊಂದು ಅಂಗಾಲನ್ನೂ ತಂದು ಒತ್ತಿಕೊಂಡಳು. ಆ ಬಿಸಿಗೆ ಅವನೇ ಬೆಚ್ಚಿದ.

"ಅಬ್ಬಾ... ಅಪ್ಪ, ತೆಗೀಬೇಡ. ಹಾಗೇ ಇರು."

ಎಷ್ಟು ವರ್ಷದಿಂದ ಕಾದಿದ್ದ ಮಾತು! ನಂಬರಣ್ಣ ಹಿಗ್ಗಿಹೋದ. ಮಗಳ ತಲೆಯ ಮೇಲಿಂದ ಹೆಂಡತಿಯನ್ನು ಒಮ್ಮೆ ನೋಡಿದ, ಪಂದ್ಯ ಗೆದ್ದವನ ಹಾಗೆ.

ಆಗ ಮಗಳು ತಾಯಿಯ ಕಡೆ ಮುಖ ಮಾಡಿ ಕೇಳಿದಳು: "ನಂಗೆ ಅಪ್ಪನ ಕಾಲು ಯಾಕಮ್ಮ ಬರ್ಲಿಲ್ಲ? ನಿಂದ್ಯಾಕೆ ಬಂತು?"

ಸಿಟ್ಟಿನಲ್ಲಿ ಕೇಳಿದ್ದಲ್ಲ, ಸುಮ್ಮನೆ ಕೇಳಿದ್ದು. ಹೆಂಡತಿ ಗೋಡೆಯಿಂದ ಕಾಲಿಳಿಸಿ ಎದ್ದು ಕೂತಳು. ಕೆಂಪಗೆ ಉಬ್ಬಿದ್ದ ಎರಡೂ ಪಾದಗಳನ್ನು ಮಗಳಿಗೆ ಕಾಣದ ಹಾಗೆ ಹೊದಿಕೆ ಎಳೆದು ಮುಚ್ಚಿಕೊಂಡಳು. ಬಟ್ಟೆ ಸೋಕಿದರೆ ಉರಿ ಎರಡು ಪಟ್ಟಾಗುತ್ತದೆಂದು ಅವಳಿಗೆ ಗೊತ್ತಿತ್ತು. ನಂಬರಣ್ಣನಿಗೂ ಗೊತ್ತಿತ್ತು.

'ಬಾರೇ, ಈ ಕಡೆ ಬಂದು ನಿಂದೂ ಇಲ್ಲಿಡು' ಎಂಬ ಮಾತು ಅವನ ನಾಲಗೆಯ ತುದಿಗೆ ಬಂತು. ಕರೆದರೆ ಮಗಳು ಮತ್ತೆ ಅವಳ ಕಡೆಗೇ ಸರಿದುಬಿಡುತ್ತಾಳೆ ಎನಿಸಿತು. ಅವನು ಕರೆಯಲಿಲ್ಲ.